ಅಂದು ಬೈದರು, ಇಂದು ಹೊಗಳುತ್ತಾರೆ: ಕರಾಳ ನಾಳೆಯ ಸಿನಿಮಾಗಳಿಗೆ ಅಂಕ ಬೀಳುವುದು ಹೇಗೆ?

2024ರ ಡಿಸೆಂಬರ್ 20, ಶುಕ್ರವಾರ. ಉಪೇಂದ್ರ ಅವರ 'ಯುಐ' ಬಿಡುಗಡೆಯಾದ ದಿನ. ಸಂಜೆ ಮಂಡ್ಯದ ಸಂಜಯ ವೃತ್ತದ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು. ಒಂದೇ ಶೋ ನೋಡಿ ಬಂದಿದ್ದರು. ಒಬ್ಬ "ಇಂಥದ್ದು ಕನ್ನಡದಲ್ಲಿ ಬಂದೇ ಇಲ್ಲ ಕಣ್ಲಾ" ಅಂದ. ಇನ್ನೊಬ್ಬ "ಏನೂ ಅರ್ಥ ಆಗ್ನಿಲ್ಲ, ತಲೆನೋವು ಬಂತು" ಅಂದ. ಅಷ್ಟರಲ್ಲಿ ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗ ಫೋನ್ ಮಾಡಿದ.

"ಮಾವ, ಒಂದ್ಕಡೆ ಆಕಾಶಕ್ಕೆ ಏರ್ಸವ್ರೆ, ಇನ್ನೊಂದ್ಕಡೆ ಬೈದವ್ರೆ. ಈ ಸ್ಟಾರು, ಪರ್ಸೆಂಟು ಎಲ್ಲಾ ಯಾರು ಹಾಕದು? ಟಿಕೆಟ್ ತಗೊಳ್ಳದಾ ಬ್ಯಾಡ್ವಾ?"

ಅವತ್ತು ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಟೀ ಅಂಗಡಿ ಮುಂದೆ ನಿಂತು ಹೇಳಿ ಮುಗಿಸುವ ಮಾತೂ ಅಲ್ಲ ಅದು. ಅವನಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ. 'ಯುಐ'ನಂಥ ಕರಾಳ ನಾಳೆಯ ಕಥೆಗಳಿಗೆ ಡಿಸ್ಟೋಪಿಯ ಎಂಬ ಹೆಸರಿದೆ, ಅಲ್ಲಿಂದಲೇ ಶುರು ಮಾಡೋಣ.

ಡಿಸ್ಟೋಪಿಯ ಅಂದ್ರೆ ಏನು?

1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಒಂದು ಕಾಲ್ಪನಿಕ ದ್ವೀಪದ ಬಗ್ಗೆ ಪುಸ್ತಕ ಬರೆದ. ದ್ವೀಪಕ್ಕೆ ಅವನು ಇಟ್ಟ ಹೆಸರು ಯುಟೋಪಿಯ. ಗ್ರೀಕ್ ಬೇರಿನ ಆ ಪದದ ಅರ್ಥ 'ಎಲ್ಲೂ ಇಲ್ಲದ ಊರು'. ಬರುಬರುತ್ತಾ ಜನ ಅದನ್ನು 'ಎಲ್ಲವೂ ಚೆನ್ನಾಗಿರುವ ಊರು' ಎಂಬ ಅರ್ಥದಲ್ಲಿ ಬಳಸಿದರು. ಅದರ ತಿರುಗುಮುರುಗು ಡಿಸ್ಟೋಪಿಯ. ಬಾಳುವುದೇ ಕಷ್ಟವಾದ ಊರು.

ಆದರೆ ಹಾಳಾದ ಊರೆಲ್ಲ ಡಿಸ್ಟೋಪಿಯ ಅಲ್ಲ. ಕನ್ನಂಬಾಡಿ ಕಟ್ಟೆ ಒಡೆದು ಊರು ಮುಳುಗುವ ಕಥೆ ಮಾಡಿದರೆ ಅದು ದುರಂತದ ಸಿನಿಮಾ. ಇನ್ನೊಂದು ಕಥೆ ಊಹಿಸಿಕೊಳ್ಳಿ. ಕಟ್ಟೆ ಗಟ್ಟಿಯಾಗಿದೆ. ನೀರೂ ತುಂಬಿದೆ. ಆದರೆ ಒಂದು ಯಂತ್ರ ನಿಮ್ಮ ಮುಖ ನೋಡಿ, ನೀವು ಹೇಳಿದ ಮಾತು ಕೇಳುವವರೋ ಅಲ್ಲವೋ ಎಂದು ಲೆಕ್ಕ ಹಾಕಿ, ಆಮೇಲೆ ಒಂದು ಲೋಟ ನೀರು ಕೊಡುತ್ತದೆ. ಜನ ಅದನ್ನು ಸಹಜ ಅಂದುಕೊಂಡು ಸಾಲಿನಲ್ಲಿ ನಿಂತಿದ್ದಾರೆ. ಇದು ಡಿಸ್ಟೋಪಿಯ. ಇಲ್ಲಿ ಕೆಟ್ಟಿರುವುದು ಪ್ರಕೃತಿಯಲ್ಲ, ವ್ಯವಸ್ಥೆ. ಯಂತ್ರ, ರೋಬೋಟು, ಗಣಕ ಇಂಥವು ಸೇರಿಕೊಂಡರೆ ಅದನ್ನು ಡಿಸ್ಟೋಪಿಯದ ವೈಜ್ಞಾನಿಕ ಕಥೆ ಅನ್ನುತ್ತೇವೆ.

ಪದ ಹೊಸದಿರಬಹುದು, ಭಾವ ನಮಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಕಡೆ ಮಂಟೇಸ್ವಾಮಿ ಪರಂಪರೆಯವರನ್ನು ಕೇಳಿದರೆ ಕಾಲಜ್ಞಾನದ ಮಾತು ಬರುತ್ತದೆ. ಮುಂದೆ ಎಂಥ ಕಾಲ ಬರುತ್ತದೆ, ಜನ ಹೇಗೆ ಬದಲಾಗುತ್ತಾರೆ ಎಂಬ ಎಚ್ಚರಿಕೆ ಅದು. ಕಾಲಜ್ಞಾನ ಹೇಳುವವರು ಕೇಳುವವರನ್ನು ಖುಷಿಪಡಿಸಲು ಹಾಡುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಿಮರ್ಶಕರ ಸ್ವಾಗತ ಅಂದ್ರೆ?

ಒಂದು ಸಿನಿಮಾ ಬಂದಾಗ ಪತ್ರಿಕೆ, ಟಿವಿ, ಯೂಟ್ಯೂಬ್‌ಗಳಲ್ಲಿ ಅದರ ಬಗ್ಗೆ ಬರೆಯುವವರು, ಮಾತಾಡುವವರು ಒಟ್ಟಾರೆ ಏನು ಹೇಳಿದರು ಎಂಬುದೇ ವಿಮರ್ಶಕರ ಸ್ವಾಗತ. ಗಲ್ಲಾಪೆಟ್ಟಿಗೆಯ ಲೆಕ್ಕ ಬೇರೆ. ಜನರ ಮೆಚ್ಚುಗೆ ಬೇರೆ. ಮೂರೂ ಒಂದೇ ದಿಕ್ಕಿಗೆ ಹೋಗಬೇಕು ಅಂತೇನಿಲ್ಲ.

ಇನ್ನೊಂದು ವಿಷಯವೂ ಇದೆ. ಹೊಸ ಸೊಸೆ ಮನೆಗೆ ಬಂದ ದಿನ ಬೀದಿಯವರು ಆಡುವ ಮಾತು ಒಂದು. ಹತ್ತು ವರ್ಷ ಕಳೆದ ಮೇಲೆ ಅದೇ ಬೀದಿಯವರು ಆಡುವ ಮಾತು ಇನ್ನೊಂದು. ಸಿನಿಮಾಕ್ಕೂ ಹಾಗೆಯೇ. ಮೊದಲ ವಾರದ ಸ್ವಾಗತ ಇರುತ್ತದೆ, ಆಮೇಲಿನ ಮರುಮೌಲ್ಯಮಾಪನ ಇರುತ್ತದೆ. ಫೋನಿನಲ್ಲಿ ನಾವು ನೋಡುವ ಅಂಕಿ ಬಹುತೇಕ ಮೊದಲನೆಯದು.

ಅಂಕಿಗಳ ಒಳಗೆ ಏನಿದೆ?

ಅಕ್ಕನ ಮಗ ಕೇಳಿದ್ದು ಇದನ್ನೇ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ರಾಟನ್ ಟೊಮ್ಯಾಟೋಸ್ ಎಂಬ ಅಮೆರಿಕದ ತಾಣ 1998ರಲ್ಲಿ ಶುರುವಾಯಿತು. ಅದರ ಶೇಕಡಾ ಲೆಕ್ಕ ಸರಳ. ಪ್ರತಿ ವಿಮರ್ಶೆಯನ್ನೂ 'ಪರ' ಅಥವಾ 'ವಿರೋಧ' ಎಂದು ಎರಡು ಗುಂಪು ಮಾಡುತ್ತಾರೆ. ನೂರರಲ್ಲಿ ಎಷ್ಟು 'ಪರ' ಎಂಬುದೇ ಆ ಅಂಕಿ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಾಜಾ ಟೊಮ್ಯಾಟೊ, ಕಡಿಮೆಯಾದರೆ ಕೊಳೆತದ್ದು. ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ಹೀಗೆ ಮಾಡುವುದಿಲ್ಲ. ಪ್ರತಿ ವಿಮರ್ಶೆಗೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಿ, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು, ಸರಾಸರಿ ತೆಗೆಯುತ್ತದೆ.

ಎರಡರ ನಡುವಿನ ವ್ಯತ್ಯಾಸ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ನಮಗೆ ಚೆನ್ನಾಗಿ ಗೊತ್ತು. ಒಂದು ಶಾಲೆಯಲ್ಲಿ ಎಲ್ಲರೂ ಪಾಸು, ಆದರೆ ಎಲ್ಲರಿಗೂ ನಲವತ್ತರ ಆಸುಪಾಸಿನ ಅಂಕ. ಫಲಿತಾಂಶ ನೂರಕ್ಕೆ ನೂರು. ಪಕ್ಕದ ಶಾಲೆಯಲ್ಲಿ ಹತ್ತು ಮಕ್ಕಳಲ್ಲಿ ಆರು ಜನಕ್ಕೆ ತೊಂಬತ್ತರ ಮೇಲೆ, ನಾಲ್ಕು ಜನ ಫೇಲು. ಫಲಿತಾಂಶ ಶೇ 60. ಬೋರ್ಡಿನ ಮೇಲೆ ಬರೆದರೆ ಮೊದಲ ಶಾಲೆಯೇ ಮುಂದೆ.

ಸಿನಿಮಾದ ಲೆಕ್ಕಕ್ಕೆ ತನ್ನಿ. ಹತ್ತು ವಿಮರ್ಶಕರೂ 'ಪರವಾಗಿಲ್ಲ' ಎಂದು ಐದಕ್ಕೆ ಮೂರು ಸ್ಟಾರ್ ಕೊಟ್ಟರು ಅಂತಿಟ್ಟುಕೊಳ್ಳಿ. ಮೂರನ್ನು ಮೆಚ್ಚುಗೆ ಎಂದು ಹಿಡಿದರೆ 'ಪರ' ಲೆಕ್ಕದಲ್ಲಿ ಅದಕ್ಕೆ ಶೇ 100. ಸರಾಸರಿ ಮಾತ್ರ 60. ಇನ್ನೊಂದು ಸಿನಿಮಾಕ್ಕೆ ಆರು ಜನ ಐದು ಸ್ಟಾರ್ ಕೊಟ್ಟರು, ನಾಲ್ಕು ಜನ ಒಂದೇ ಸ್ಟಾರ್ ಕೊಟ್ಟರು. 'ಪರ' ಲೆಕ್ಕ ಶೇ 60ಕ್ಕೆ ಇಳಿಯಿತು. ಸರಾಸರಿ 68. ಯಾರಿಗೂ ಬೇಜಾರು ಮಾಡದ ಸಿನಿಮಾ ಒಂದು ಪಟ್ಟಿಯಲ್ಲಿ ಮುಂದೆ, ಆರು ಜನರ ನಿದ್ದೆ ಕೆಡಿಸಿದ ಸಿನಿಮಾ ಇನ್ನೊಂದರಲ್ಲಿ ಮುಂದೆ.

ಡಿಸ್ಟೋಪಿಯ ಸಿನಿಮಾಗಳು ಹೆಚ್ಚಾಗಿ ಈ ಎರಡನೇ ಬಗೆಯವು. ಆದ್ದರಿಂದ ಅವುಗಳ ಶೇಕಡಾ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಇನ್ನುಳಿದವು ಬೇಗ ಹೇಳಿಬಿಡುತ್ತೇನೆ. ಐಎಂಡಿಬಿ ಎಂಬ ಸಿನಿಮಾ ತಾಣದ ಅಂಕ ವಿಮರ್ಶಕರದ್ದಲ್ಲ, ಹತ್ತಕ್ಕೆ ಇಷ್ಟು ಎಂದು ಜನ ಹಾಕಿದ ಮತಗಳಿಂದ ತೆಗೆದದ್ದು. ಬುಕ್‌ಮೈಶೋದಲ್ಲೂ ಪ್ರೇಕ್ಷಕರದ್ದೇ ಮತ. ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ ಬಿಡುಗಡೆಯ ಮೊದಲ ದಿನ ಚಿತ್ರಮಂದಿರದಲ್ಲಿ ಸಿಕ್ಕ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಎ ಪ್ಲಸ್‌ನಿಂದ ಎಫ್ ವರೆಗೆ ದರ್ಜೆ ಪಡೆಯುತ್ತದೆ. ಆಗತಾನೇ ಸಿನಿಮಾ ನೋಡಿ ಬಂದವರ ಮನಸ್ಸಿನ ಬಿಸಿ ಅದರಲ್ಲಿ ಇರುತ್ತದೆ. ಎರಡು ದಿನ ಕೂತು ಯೋಚಿಸಿದ ಮಾತು ಇರುವುದಿಲ್ಲ.

1982ರ ಒಂದು ಕಥೆ

ಈ ವಿಷಯಕ್ಕೆ 'ಬ್ಲೇಡ್ ರನ್ನರ್'ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಅನ್ನಿಸುತ್ತದೆ. ರಿಡ್ಲಿ ಸ್ಕಾಟ್ ನಿರ್ದೇಶನದ ಈ ಸಿನಿಮಾ 1982ರ ಜೂನ್ 25ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಬಿಡದೆ ಸುರಿಯುವ ಮಳೆ, ಹೊಗೆ, ಆಕಾಶದೆತ್ತರದ ಜಾಹೀರಾತು. ಮನುಷ್ಯರಂತೆಯೇ ಕಾಣುವ ಕೃತಕ ಮನುಷ್ಯರನ್ನು ಒಂದು ಕಂಪನಿ ತಯಾರಿಸುತ್ತದೆ. ಅವರಲ್ಲಿ ಹೊಸ ಮಾದರಿಯವರ ಆಯಸ್ಸು ನಾಲ್ಕೇ ವರ್ಷ. ತಪ್ಪಿಸಿಕೊಂಡು ಭೂಮಿಗೆ ಬಂದ ಕೆಲವರನ್ನು ಹುಡುಕಿ ಕೊಲ್ಲುವುದು ನಾಯಕನ ಕೆಲಸ. ಬದುಕಬೇಕು ಎಂದು ಹಂಬಲಿಸುವ ಯಂತ್ರವೇ ನಿಜವಾದ ಮನುಷ್ಯನೋ, ಭಾವನೆ ಬತ್ತಿ ಕೊಲ್ಲುತ್ತಾ ಹೋಗುವವನು ನಿಜವಾದ ಮನುಷ್ಯನೋ ಎಂಬ ಪ್ರಶ್ನೆ ಇಡೀ ಕಥೆಯ ಬೆನ್ನೆಲುಬು.

ಬಿಡುಗಡೆಗೆ ಮುಂಚೆ ಡೆನ್ವರ್ ಮತ್ತು ಡಲ್ಲಾಸ್ ಊರುಗಳಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ ನೋಡಿದರು. ಜನಕ್ಕೆ ಗೊಂದಲವಾಯಿತು. ಹಣ ಹಾಕಿದವರು ಗಾಬರಿಯಾದರು. ನಾಯಕ ಹ್ಯಾರಿಸನ್ ಫೋರ್ಡ್ ಅವರ ಧ್ವನಿಯಲ್ಲಿ ಕಥೆಯನ್ನು ಬಿಡಿಸಿ ಹೇಳುವ ಮಾತುಗಳನ್ನು ಸೇರಿಸಿದರು. ಕೊನೆಗೊಂದು ಸುಖಾಂತ್ಯ ಅಂಟಿಸಿದರು. ಅದಕ್ಕೆ ಬಳಸಿದ ಬೆಟ್ಟಗುಡ್ಡದ ಚಿತ್ರಗಳು ಇನ್ನೊಬ್ಬ ನಿರ್ದೇಶಕ ಸ್ಟ್ಯಾನ್ಲಿ ಕೂಬ್ರಿಕ್ ತಮ್ಮ 'ದಿ ಶೈನಿಂಗ್' ಸಿನಿಮಾಕ್ಕೆ ತೆಗೆಸಿ ಉಳಿದಿದ್ದವು. ಊರಿಗೆಲ್ಲ ಕತ್ತಲು, ಮಳೆ. ಕೊನೆಯ ನಿಮಿಷದಲ್ಲಿ ಹಸಿರು ಕಾಡು, ನೀಲಿ ಆಕಾಶ!

ವಿಮರ್ಶಕರು ಎರಡು ಪಾಲಾದರು. ಕಣ್ಣಿಗೆ ಕಾಣುವ ಲೋಕವನ್ನು ಬಹುತೇಕ ಎಲ್ಲರೂ ಮೆಚ್ಚಿದರು. ಕಥೆ ತೆವಳುತ್ತದೆ, ಪಾತ್ರಗಳು ಮನಸ್ಸಿಗೆ ತಾಕುವುದಿಲ್ಲ ಎಂದು ಹಲವರು ಬರೆದರು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಶೀಲಾ ಬೆನ್ಸನ್ ಸಿನಿಮಾದ ಹೆಸರನ್ನೇ ತಿರುಚಿ, ಓಡುವುದಲ್ಲ ತೆವಳುವುದು ಎಂಬ ಅರ್ಥ ಬರುವ ಹಾಗೆ 'ಬ್ಲೇಡ್ ಕ್ರಾಲರ್' ಅಂದರು. ಅಮೆರಿಕದ ಹೆಸರಾಂತ ವಿಮರ್ಶಕ ರಾಜರ್ ಎಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು. ದೃಶ್ಯ ಅದ್ಭುತ, ಮನುಷ್ಯರ ಕಥೆ ತೆಳು ಎಂಬುದು ಅವರ ತಕರಾರು.

ಗಲ್ಲಾಪೆಟ್ಟಿಗೆಯಲ್ಲೂ ಸಿನಿಮಾ ಗೆಲ್ಲಲಿಲ್ಲ. ಎರಡು ವಾರ ಮುಂಚೆ, ಜೂನ್ 11ರಂದು, ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಮಕ್ಕಳ ಸ್ನೇಹಿತನಾಗುವ ಮುದ್ದಾದ ಅನ್ಯಗ್ರಹದ ಜೀವಿಯನ್ನು ನೋಡಲು ಅಮೆರಿಕವೇ ಸಾಲು ನಿಂತಿತ್ತು. ಆ ಮೂಡಿನಲ್ಲಿದ್ದವರಿಗೆ ಕತ್ತಲು ಊರಿನ ಕಥೆ ಹೇಗೆ ರುಚಿಸೀತು? ಅದೇ ಜೂನ್ 25ರಂದೇ ತೆರೆಕಂಡ ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್'ಗೂ ಬೈಗುಳವೇ ಸಿಕ್ಕಿತು. ಅದನ್ನೂ ಇಂದು ಮೇರುಕೃತಿ ಅನ್ನುತ್ತಾರೆ.

ಮುಂದೆ ಏನಾಯಿತು? ವಿಡಿಯೊ ಕ್ಯಾಸೆಟ್ ಬಂತು. ಚಿತ್ರಮಂದಿರದಲ್ಲಿ ಒಂದೇ ಸಲ ನೋಡಿದ್ದವರು ಮನೆಯಲ್ಲಿ ನಿಲ್ಲಿಸಿ, ಹಿಂದೆ ತಿರುಗಿಸಿ ನೋಡಿದರು. ಮೂಲೆಯಲ್ಲಿದ್ದ ಬೋರ್ಡು, ಬೀದಿಯ ಜನರ ಕಲಬೆರಕೆ ಭಾಷೆ, ಗೋಡೆಯ ಮೇಲಿನ ಪಸೆ ಎಲ್ಲವೂ ಆಗ ಕಂಡವು. 1983ರಲ್ಲಿ ವೈಜ್ಞಾನಿಕ ಕಥೆಗಳ ಓದುಗರು ಕೊಡುವ ಹ್ಯೂಗೋ ಪ್ರಶಸ್ತಿ ಬಂತು. 1990ರ ಸುಮಾರಿಗೆ, ವಿವರಣೆಯ ಧ್ವನಿ ಬಹುಮಟ್ಟಿಗೆ ಇಲ್ಲದ, ಸುಖಾಂತ್ಯವೂ ಇಲ್ಲದ ಹಳೆಯ ಪ್ರತಿಯೊಂದು ಲಾಸ್ ಏಂಜಲೀಸ್‌ನಲ್ಲಿ ಪ್ರದರ್ಶನವಾಯಿತು. ಜನ ಮುಗಿಬಿದ್ದರು. 1992ರಲ್ಲಿ ಧ್ವನಿಯನ್ನೂ ಅಂಟಿಸಿದ ಅಂತ್ಯವನ್ನೂ ತೆಗೆದ 'ನಿರ್ದೇಶಕರ ಆವೃತ್ತಿ' ಬಂತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. 2007ರಲ್ಲಿ ಸ್ಕಾಟ್ ತಮಗೆ ಬೇಕಾದಂತೆ ತಿದ್ದಿ ಕೊನೆಯ ಆವೃತ್ತಿ ಕೊಟ್ಟರು. ಆಗ ಎಬರ್ಟ್ ಮತ್ತೆ ಬರೆದರು. ಈ ಸಲ ನಾಲ್ಕಕ್ಕೆ ನಾಲ್ಕು. ತಮ್ಮ ಶ್ರೇಷ್ಠ ಸಿನಿಮಾಗಳ ಸಾಲಿಗೂ ಸೇರಿಸಿಕೊಂಡರು.

ಇಪ್ಪತ್ತೈದು ವರ್ಷದ ಹಿಂದೆ ಬರೆದದ್ದನ್ನು ಬಹಿರಂಗವಾಗಿ ತಿದ್ದಿಕೊಂಡ ಎಬರ್ಟ್ ಬಗ್ಗೆ ನನಗೆ ತುಂಬ ಗೌರವ. ವಿಮರ್ಶೆ ಕೋರ್ಟಿನ ತೀರ್ಪಲ್ಲ, ಒಬ್ಬ ಮನುಷ್ಯ ಒಂದು ದಿನ ನೋಡಿ ಹೇಳಿದ ಮಾತು ಎಂಬುದನ್ನು ಅವರು ತೋರಿಸಿಕೊಟ್ಟರು.

ಬೆಲ್ಲ ಬದಲಾಯಿತೋ, ನೋಡುವ ಕಣ್ಣು ಬದಲಾಯಿತೋ?

ಮಂಡ್ಯದವರಿಗೆ ಇದನ್ನು ಬೆಲ್ಲದ ಲೆಕ್ಕದಲ್ಲಿ ಹೇಳುವುದು ಸುಲಭ. ಆಲೆಮನೆಯಲ್ಲಿ ಏನೂ ಬೆರೆಸದೆ ಕಾಯಿಸಿದ ಬೆಲ್ಲ ಸ್ವಲ್ಪ ಕಪ್ಪಗೆ ಬರುತ್ತದೆ. ಬಹಳ ಕಾಲ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೆಳ್ಳಗೆ, ಹಳದಿಗೆ ತಿರುಗಿಸಿದ ಅಚ್ಚಿಗೇ ಒಳ್ಳೆಯ ರೇಟು. ಈಗ ಮೈಸೂರಿನ ಸಾವಯವ ಅಂಗಡಿಗಳಲ್ಲಿ ಕಪ್ಪು ಬೆಲ್ಲವನ್ನೇ ಹುಡುಕಿ, ಜಾಸ್ತಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಕಬ್ಬು ಅದೇ, ಕೊಪ್ಪರಿಗೆ ಅದೇ. ಕೊಳ್ಳುವವರ ತಿಳುವಳಿಕೆ ಬದಲಾಗಿದೆ.

'ಬ್ಲೇಡ್ ರನ್ನರ್' ವಿಷಯದಲ್ಲಿ ಎರಡೂ ಆಯಿತು. ಸಿನಿಮಾ ತಾನೇ ಬದಲಾಯಿತು, ಬೆರೆಸಿದ್ದ ಹೈಡ್ರೋಸ್ ತೆಗೆದ ಹಾಗೆ. ನೋಡುವ ಕಣ್ಣೂ ಬದಲಾಯಿತು.

ಡಿಸ್ಟೋಪಿಯ ಸಿನಿಮಾಗಳಿಗೆ ಮೊದಲ ವಾರ ಏಟು ಬೀಳಲು ಕಾರಣಗಳು ಅವುಗಳ ಹುಟ್ಟಿನಲ್ಲೇ ಇವೆ. ಬೇರೆ ಕಥೆಗಳಲ್ಲಿ ಊರು ನಮಗೆ ಗೊತ್ತು, ಹಾಗಾಗಿ ಮನಸ್ಸೆಲ್ಲ ಪಾತ್ರಗಳ ಮೇಲಿರುತ್ತದೆ. ಇಲ್ಲಿ ಮೊದಲು ಊರಿನ ಕಾನೂನು ಕಲಿಯಬೇಕು. ಯಾರು ಆಳುತ್ತಾರೆ, ಏನು ನಿಷಿದ್ಧ, ಜನ ಏಕೆ ಹೆದರುತ್ತಾರೆ? ಇದನ್ನೆಲ್ಲ ಅರಗಿಸಿಕೊಳ್ಳುವಷ್ಟರಲ್ಲಿ ಅರ್ಧ ಸಿನಿಮಾ ಮುಗಿದಿರುತ್ತದೆ. ವಿಮರ್ಶಕರಿಗೂ ಇದೇ ಕಷ್ಟ. ಒಂದೇ ಸಲ ನೋಡಿ, ಅವತ್ತೇ ಬರೆದು ಕೊಡಬೇಕು. ಎರಡನೇ ಸಲ ನೋಡಲು ಪುರುಸೊತ್ತು ಎಲ್ಲಿ?

ನಿರೀಕ್ಷೆಯ ಸಮಸ್ಯೆ ಇನ್ನೂ ದೊಡ್ಡದು. 1982ರಲ್ಲಿ ಹ್ಯಾರಿಸನ್ ಫೋರ್ಡ್ ಅಂದರೆ 'ಸ್ಟಾರ್ ವಾರ್ಸ್'ನ ಸಾಹಸಿ, ಚಾಟಿ ಹಿಡಿದ ಇಂಡಿಯಾನಾ ಜೋನ್ಸ್. ಜನ ಓಡಾಟ, ಹೊಡೆದಾಟ ನೋಡಲು ಬಂದರು. ಸಿಕ್ಕಿದ್ದು ದಣಿದ, ತನ್ನ ಕೆಲಸದ ಬಗ್ಗೆಯೇ ಅಸಹ್ಯ ಪಡುವ ಮನುಷ್ಯ. ಪಲಾವ್ ಅಂದುಕೊಂಡು ಬಾಯಿಗಿಟ್ಟರೆ ಬಿಸಿಬೇಳೆಬಾತು ಸಹ ತಪ್ಪಾಗಿಯೇ ಕಾಣುತ್ತದೆ, ಅಲ್ವಾ?

ಇನ್ನು ಕಾಲಜ್ಞಾನದ ಮಾತು. ಎಚ್ಚರಿಕೆ ಕೊಡುವ ಕಥೆ ಕೊನೆಯಲ್ಲಿ ಸಮಾಧಾನ ಹೇಳಿ ಕಳಿಸುವುದಿಲ್ಲ. ಸಂಕಟದಲ್ಲೇ ಹೊರಗೆ ಬಂದವರಿಗೆ ಆಗಲೇ ಚೀಟಿ ಕೊಟ್ಟು ಅಂಕ ಕೇಳಿದರೆ ಕಡಿಮೆಯೇ ಬೀಳುವ ಸಂಭವ ಹೆಚ್ಚು. ಎಚ್ಚರಿಕೆ ನಿಜವೋ ಸುಳ್ಳೋ ಗೊತ್ತಾಗಲು ವರ್ಷಗಳು ಬೇಕು. 1982ರಲ್ಲಿ 'ಮನುಷ್ಯನ ಹಾಗೆ ಮಾತಾಡುವ ಯಂತ್ರ' ಬರೀ ಕಲ್ಪನೆ. ಈಗ ನನ್ನ ಅಕ್ಕನ ಮಗ ಪರೀಕ್ಷೆಗೆ ಓದುವುದೇ ಅಂಥ ಯಂತ್ರದ ಜೊತೆ ಮಾತಾಡುತ್ತಾ.

ಇದೇ ಕಥೆ 1927ರಲ್ಲೂ

ಹಳೆಯ ಸಾಕ್ಷಿ ಜರ್ಮನಿಯ ಮೂಕಿ ಚಿತ್ರ 'ಮೆಟ್ರೊಪೊಲಿಸ್'. ಫ್ರಿಟ್ಜ್ ಲಾಂಗ್ ನಿರ್ದೇಶನ. 1927ರ ಜನವರಿ 10ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಮೇಲೆ ಗೋಪುರಗಳಲ್ಲಿ ಸಿರಿವಂತರು, ನೆಲದಡಿ ಯಂತ್ರಗಳ ಜೊತೆ ಸವೆಯುವ ಕೂಲಿಗಳು. 'ಟೈಮ್ ಮಷೀನ್' ಬರೆದ ಎಚ್.ಜಿ. ವೆಲ್ಸ್ ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದಕ್ಕಿಂತ ಪೆದ್ದು ಸಿನಿಮಾ ಮಾಡಲು ಸಾಧ್ಯವಿಲ್ಲ ಎಂಬ ಅರ್ಥದಲ್ಲಿ ಬರೆದರು. ಯಂತ್ರಗಳು ಬಂದ ಮೇಲೆ ಕೂಲಿಯ ದುಡಿತ ಕಡಿಮೆಯಾಗಬೇಕು, ಇಲ್ಲಿ ಹೆಚ್ಚಾಗಿದೆಯಲ್ಲ ಎಂಬುದು ಅವರ ವಾದ. ತರ್ಕ ಸರಿಯೇ. ಆದರೆ ಆಮೇಲೆ ನೋಡಿದವರು ಆ ಸಿನಿಮಾವನ್ನು ಲೆಕ್ಕದ ಪುಸ್ತಕದಂತೆ ಓದಲಿಲ್ಲ, ಕೆಟ್ಟ ಕನಸಿನಂತೆ ಓದಿದರು.

ಇಲ್ಲೂ ಕತ್ತರಿಯ ಪಾತ್ರವಿದೆ. 153 ನಿಮಿಷವಿದ್ದ ಸಿನಿಮಾದ ಸುಮಾರು ಕಾಲುಭಾಗವನ್ನು ವಿತರಕರು ಕತ್ತರಿಸಿದರು. ಆ ತುಣುಕುಗಳು ಕಳೆದೇ ಹೋದವು ಅಂದುಕೊಂಡಿದ್ದರು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಒಂದು ಸಿನಿಮಾ ಸಂಗ್ರಹಾಲಯದಲ್ಲಿ, ಗೀರು ಬಿದ್ದ ಪ್ರತಿಯೊಂದರಲ್ಲಿ ಬಹುಪಾಲು ಸಿಕ್ಕವು. 2010ರಲ್ಲಿ ಜೋಡಿಸಿ ತೋರಿಸಿದರು. ಎಂಬತ್ತು ವರ್ಷ ಜನ ಹೊಗಳಿದ್ದೂ ಬೈದದ್ದೂ ಬಹುತೇಕ ಅರೆಬರೆ ಸಿನಿಮಾವನ್ನು.

ವಿಮರ್ಶಕರು ಮೆಚ್ಚಿದರೂ ಜನ ಬರದಿದ್ದರೆ?

ಹಾಗೂ ಆಗುತ್ತದೆ. 2006ರ 'ಚಿಲ್ಡ್ರನ್ ಆಫ್ ಮೆನ್' 2027ರ ಬ್ರಿಟನ್ನಿನ ಕಥೆ. ಹದಿನೆಂಟು ವರ್ಷದಿಂದ ಭೂಮಿಯ ಮೇಲೆ ಒಂದೂ ಮಗು ಹುಟ್ಟಿಲ್ಲ. ವಿಮರ್ಶಕರು ಆಗಲೇ ಕೊಂಡಾಡಿದರು, ಚಿತ್ರಮಂದಿರ ತುಂಬಲಿಲ್ಲ. 2017ರಲ್ಲಿ 'ಬ್ಲೇಡ್ ರನ್ನರ್' ಎರಡನೇ ಭಾಗ ಬಂದಾಗಲೂ ಹೀಗೇ. ಹೊಗಳಿಕೆ ಸಿಕ್ಕಿತು, ಛಾಯಾಗ್ರಹಣಕ್ಕೆ ಆಸ್ಕರ್ ಸಿಕ್ಕಿತು, ಅಂದುಕೊಂಡಷ್ಟು ಟಿಕೆಟ್ ಮಾರಾಟವಾಗಲಿಲ್ಲ.

ನಮ್ಮ 'ಯುಐ'ಗೆ ಬಂದರೆ

ಬಿಡುಗಡೆಗೆ ಮುಂಚೆ ಬಂದ 'ವಾರ್ನರ್' ತುಣುಕು 2040ರ ಲೋಕವನ್ನು ತೋರಿಸಿತ್ತು. ಆ ಲೋಕದ ನಿರೀಕ್ಷೆ ಹೊತ್ತು ಹೋದವರಿಗೆ, ಸಿನಿಮಾ ನೋಡುವುದರ ಬಗ್ಗೆಯೇ ಮಾತಾಡುವ ಕಥೆ ಎದುರಾಯಿತು. ಸ್ವಾಗತ ಮಿಶ್ರವಾಯಿತು. ಕೆಲವರು ಧೈರ್ಯ ಮೆಚ್ಚಿದರು, ಕೆಲವರು ಕಥೆ ಹಿಡಿತಕ್ಕೆ ಸಿಗಲಿಲ್ಲ ಅಂದರು. 'ಬ್ಲೇಡ್ ರನ್ನರ್'ಗೆ ಹೀಗಾಯಿತು ಎಂದು ಇದಕ್ಕೂ ಮುಂದೆ ಹಾಗೇ ಆಗುತ್ತದೆ ಎನ್ನಲು ಬರುವುದಿಲ್ಲ. ಬೈಸಿಕೊಂಡ ಸಿನಿಮಾಗಳಲ್ಲಿ ಹೆಚ್ಚಿನವು ಸುಮ್ನೆ ಮರೆತುಹೋಗುತ್ತವೆ. ಮರುಜೀವ ಪಡೆದವು ಬೆರಳೆಣಿಕೆ.

ಹಾಗಾದರೆ ಶುಕ್ರವಾರ ಏನು ಮಾಡಬೇಕು? ನಾನು ಮಾಡುವುದು ಇಷ್ಟು. ಅಂಕಿ ಬಿಟ್ಟು ವಾಕ್ಯ ಓದುತ್ತೇನೆ. 'ಬೋರು', 'ಸೂಪರ್' ಎಂಬ ತೀರ್ಪಿನ ಮಾತುಗಳನ್ನು ದಾಟಿ, ತೆರೆಯ ಮೇಲೆ ಏನಿದೆ ಎಂದು ಹೇಳುವ ಮಾತು ಹುಡುಕುತ್ತೇನೆ. 'ಕಥೆ ನಿಧಾನ, ಊರಿನ ವಿವರ ಜಾಸ್ತಿ' ಎಂದು ಒಬ್ಬರು ಬೈದಿದ್ದರೆ, ಊರಿನ ವಿವರ ಇಷ್ಟಪಡುವ ನನಗೆ ಅದೇ ಆಹ್ವಾನ. ಹೊಗಳಿದವರದ್ದು ಒಂದು, ಬೈದವರದ್ದು ಒಂದು ಓದುತ್ತೇನೆ. ಇಬ್ಬರೂ ಒಂದೇ ದೃಶ್ಯದ ಬಗ್ಗೆ ಜಗಳ ಆಡಿದ್ದರೆ ಟಿಕೆಟ್ ತಗೊಳ್ಳುತ್ತೇನೆ.

ಅಕ್ಕನ ಮಗ ನನ್ನ ಉತ್ತರಕ್ಕೆ ಕಾಯಲಿಲ್ಲ. ಭಾನುವಾರ ನೋಡಿಕೊಂಡು ಬಂದ. ನಾಲ್ಕು ಕಡೆ ಅರ್ಥ ಆಗಲಿಲ್ಲವಂತೆ. ಆ ನಾಲ್ಕು ಕಡೆಯ ಬಗ್ಗೆಯೇ ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆವರೆಗೆ ಮಾತಾಡಿದರಂತೆ. ಎಷ್ಟು ಸ್ಟಾರ್ ಕೊಡ್ತೀಯಪ್ಪ ಅಂದೆ.

"ತಡೀ ಮಾವ, ಇನ್ನೊಂದ್ಸಲ ನೋಡ್ಬುಟ್ಟು ಹೇಳ್ತೀನಿ" ಅಂದ.